ನಮಸ್ಕಾರಮ್ಮನ ನಾಡಿ

ಹುಷಾರಿಲ್ಲ ಎಂದು ಗೊತ್ತಾದದ್ದು ಬುಧವಾರ ರಾತ್ರಿ. ಹಗಲೆಲ್ಲ ಎಳೆ ಬಾಳೆಲೆಯ ಬಣ್ಣಕ್ಕಿದ್ದ ಕಣ್ಣುಗಳು ಎಂಟು ಗಂಟೆಯ ಹೊತ್ತಿಗೆ ಇದ್ದಿಲಿನಂತೆ ಕಪ್ಪಗಾಗಿದ್ದವು. ಎರಡು ದಿನದಿಂದ ಊಟವೂ ಇಲ್ಲ. ಡಬ್ಬದ ಮುಂದೆ ಕೂತಿದ್ದ ಮಗಳು ಅಳುವುದೊಂದು ಬಾಕಿ. "ಅಪ್ಪಾ, ನಮಸ್ಕಾರಪ್ಪಂಗೆ ಕಣ್ಣು ಹೋಯ್ತು."

ನಮಸ್ಕಾರಪ್ಪ ಎಂದರೆ ಮೈಸೂರಿನ ನಮ್ಮ ಹಿತ್ತಲ ಕರಿಬೇವಿನ ಗಿಡದಿಂದ ಮನೆಯೊಳಕ್ಕೆ ಬಂದ ಸೂರ್ಯನ ಕುದುರೆ. ಹಸಿರು ಮಿಡತೆಗೂ ಕೆಲವರು ಇದೇ ಹೆಸರು ಕೊಡುತ್ತಾರೆ. ನಮ್ಮದು ಮುಂಗಾಲೆರಡನ್ನೂ ಮಡಚಿ ಎದೆಗೊತ್ತಿಕೊಂಡು, ಚುನಾವಣೆಗೆ ನಿಂತವರ ಹಾಗೆ ಕಂಡವರಿಗೆಲ್ಲ ಕೈಮುಗಿಯುವ ಜಾತಿ. ಕೈಮುಗಿದ ಮೇಲೆ ಏನು ಮಾಡುತ್ತದೆ ಎಂಬುದು ಹತ್ತಿರ ಹೋದ ನೊಣಕ್ಕೆ ಮಾತ್ರ ಗೊತ್ತು.

ಪರಿಚಯದ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿದೆ. "ಎಷ್ಟು ಕಾಲು?" ಅಂದರು. ಆರು ಅಂದೆ. "ನಾಲ್ಕು ಕಾಲಿಂದು ನೋಡ್ತೀನಿ ಸಾರ್. ಗಿಳಿ, ಕೋಳಿ ಅಂತ ಎರಡು ಕಾಲಿಂದು ಬಂದ್ರೂ ನೋಡ್ತೀನಿ. ಆರಕ್ಕೆ ನಾನು ಹೋಗಿಲ್ಲ," ಎಂದರು. ಸಜ್ಜನರು, ನಗಲಿಲ್ಲ. ಹಾಗಾಗಿ ವೈದ್ಯಕೀಯ ನನ್ನ ತಲೆಗೇ ಬಂತು.

ನಾಡಿ ಹಿಡಿಯೋಣವೆಂದರೆ ಮಣಿಕಟ್ಟಿಲ್ಲ. ನಾಲಗೆ ಚಾಚು ಎನ್ನುವ ಹಾಗಿಲ್ಲ. ಹೊಟ್ಟೆ ಮೆಲ್ಲಗೆ ಉಬ್ಬಿ ಇಳಿಯುವುದನ್ನು ನೋಡಿ "ಏದುಸಿರು" ಎಂದು ಚೀಟಿಯಲ್ಲಿ ಬರೆದುಕೊಂಡೆ. ಅದು ಬರೀ ಉಸಿರು. ಕೀಟಗಳು ಮೂಗಿನಿಂದಲ್ಲ, ಪಕ್ಕೆಯ ಉದ್ದಕ್ಕೂ ಇರುವ ಸಣ್ಣ ರಂಧ್ರಗಳಿಂದ ಉಸಿರಾಡುತ್ತವೆ. ಕಿವಿ ಒಂದೇ, ಅದೂ ಎದೆಯ ಅಡಿಯಲ್ಲಿ, ಹಿಂಗಾಲುಗಳ ನಡುವೆ. ಈ ಹುಳು ಕಿವುಡು ಎಂದೇ ಬಹಳ ಕಾಲ ನಂಬಿದ್ದರಂತೆ. 1986ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಒಂಟಿ ಕಿವಿಯ ಸುದ್ದಿ ಪ್ರಕಟಿಸಿದರು. ಅದಕ್ಕೆ ಚೆನ್ನಾಗಿ ಕೇಳಿಸುವುದು ಬಾವಲಿ ಹೊರಡಿಸುವ, ನಮ್ಮ ಕಿವಿಗೆ ನಿಲುಕದ ಸದ್ದು. ನನ್ನ ಮಗಳು ಮೂತಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ "ಏನೂ ಆಗಲ್ಲ ಕಣೋ" ಎಲ್ಲಿಗೆ ಹೋಯಿತೋ.

ಬೆಳಿಗ್ಗೆ ಎದ್ದು ನೋಡಿದರೆ ಕಣ್ಣು ಮತ್ತೆ ಹಸಿರು! ಕತ್ತಲಾದಂತೆ ಹೆಚ್ಚು ಬೆಳಕು ಹೀರಿಕೊಳ್ಳಲು ಕಣ್ಣೊಳಗಿನ ಬಣ್ಣ ಸ್ಥಾನ ಬದಲಿಸುತ್ತದೆ, ಅಷ್ಟೆ. ಹಗಲಲ್ಲಿ ಕಾಣುವ ಪುಟ್ಟ ಕಪ್ಪು ಚುಕ್ಕಿಯೂ ಪಾಪೆಯಲ್ಲ. ನಾವು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ ಅದು ಹಿಂಬಾಲಿಸುವುದು ಸಾವಿರಾರು ಮಸೂರಗಳ ಜೋಡಣೆಯಿಂದಾಗುವ ಆಟ. ಹೆದರಬೇಕಾದದ್ದು ಕದಲದ ಮಚ್ಚೆಗೆ. ಪ್ಲಾಸ್ಟಿಕ್ ಗೋಡೆಯಾಚೆಗೆ ದಾರಿಯಿದೆಯೆಂದು ನಂಬಿ ಮುಖ ಉಜ್ಜಿ ಉಜ್ಜಿ ಕಣ್ಣು ಸವೆದರೆ ಅಲ್ಲಿ ಕಪ್ಪು ಕೂರುತ್ತದೆ. ನಮ್ಮದರ ಎಡಗಣ್ಣಿನ ಅಂಚಿನಲ್ಲಿ ಅಂಥದೊಂದು ಸಾಸಿವೆಯ ಚೂರಿನಷ್ಟು ಕಂಡಿತು. ಆ ಕಾಯಿಲೆಗೆ ಕಾರಣ ಹುಡುಕುವ ಕಷ್ಟವಿರಲಿಲ್ಲ. ಡಬ್ಬ ತಂದವನು ನಾನೇ. ಅವತ್ತೇ ಸೊಳ್ಳೆಪರದೆಯ ಬಟ್ಟೆ ಹೊಲಿದು ಎತ್ತರದ ಗೂಡು ಮಾಡಿದೆವು.

ಉಪವಾಸ ಮಾತ್ರ ಮುಗಿಯಲಿಲ್ಲ. "ಏಕಾದಶಿ ಇರ್ಬೇಕು ಬಿಡೋ," ಅಂದಳು ಅಮ್ಮ. ಹಸಿವು ಕೆರಳಲೆಂದು ನಾನೊಂದು ಚಿಮ್ಮಂಡೆಯನ್ನು ಒಳಗೆ ಬಿಟ್ಟೆ. ರೋಗಿ ಅದರತ್ತ ತಿರುಗಿಯೂ ನೋಡದೆ, ತಲೆಕೆಳಗಾಗಿ ನೇತುಬಿದ್ದು ಕದಲುವುದನ್ನೇ ನಿಲ್ಲಿಸಿತು. ಅಂತ್ಯಕಾಲವೆಂದು ಬಗೆದು ಎತ್ತಿ ನೆಟ್ಟಗೆ ಕೂರಿಸಲು ಕೈ ಚಾಚಿದವನು, ಬೆನ್ನ ಮೇಲಿನ ರೆಕ್ಕೆಮೊಗ್ಗುಗಳು ಉಬ್ಬಿರುವುದನ್ನು ಕಂಡು ಕೈ ಹಿಂತೆಗೆದೆ. ಪೊರೆ ಬಿಡುವ ಮೊದಲು ಊಟ ಬಿಡುವುದೂ ತಲೆಕೆಳಗಾಗುವುದೂ ಅದರ ಕ್ರಮ. ಮುಟ್ಟಿ ಬೀಳಿಸಿದ್ದರೆ ಸೊಟ್ಟಗಾಗಿಯೇ ಒಣಗುತ್ತಿತ್ತು. ಪೊರೆ ಬಿಟ್ಟ ಮೆತ್ತನೆ ಮೈಯನ್ನು ಹಸಿದ ಚಿಮ್ಮಂಡೆ ಕಡಿದು ಹಾಕುವುದೂ ಉಂಟಂತೆ. ನನ್ನ ಔಷಧವನ್ನು ಮೊದಲು ಹೊರಗೆ ಹಾಕಿ, ಗಾಳಿ ಒಣಗದಂತೆ ಪರದೆಗೆ ನೀರು ಚಿಮುಕಿಸಿದೆ. ಶುಕ್ರವಾರ ಬೆಳಿಗ್ಗೆ ಬೆನ್ನು ಸೀಳಿತು. ಒದ್ದೆ ಜುಬ್ಬವನ್ನು ತಲೆಯ ಮೇಲಿಂದ ಬಿಡಿಸಿಕೊಳ್ಳುವವರಂತೆ ಅದು ಒಂದೊಂದೇ ಕಾಲನ್ನು ಎಳೆದುಕೊಂಡು ಹೊರಬಂದಾಗ ಮಗಳ ಸ್ಕೂಲ್ ವ್ಯಾನ್ ಹೊರಟುಹೋಗಿತ್ತು. ಮೇಲೆ ಕಾಲು, ಮುಖ ಸಮೇತ ಒಬ್ಬ ಖಾಲಿ ನಮಸ್ಕಾರಪ್ಪ. ಕೆಳಗೆ ರೆಕ್ಕೆ ಒಣಗಿಸುತ್ತಿದ್ದ ಹೊಸಬ.

ಹೊಸಬನಲ್ಲ, ಹೊಸಬಳು. ಹೊಟ್ಟೆಯ ಅಡಿಯಲ್ಲಿ ಎಂಟು ಪಟ್ಟೆ ಕಂಡರೆ ಗಂಡು, ಆರಾದರೆ ಹೆಣ್ಣು. ಮಗಳು ಎಣಿಸಿದಳು, ಆರು. ಹೆಸರು ನಮಸ್ಕಾರಮ್ಮ ಎಂದಾಯಿತು.

ಉಪವಾಸದಿಂದೆದ್ದವಳಿಗೆ ನಮ್ಮ ಮನೆಯಲ್ಲಿ ಉಪಚಾರ ಕೇಳಬೇಕೆ! ಬಡಿಸಿಯೇ ಪ್ರೀತಿ ತೋರಿಸುವ ವಂಶ. ಒಂದೇ ವಾರಕ್ಕೆ ಹೊಟ್ಟೆ ಹೂರಣ ಹೆಚ್ಚಾದ ಹೋಳಿಗೆಯಂತಾಯಿತು. ಹಾಗೆ ಬಿಗಿದ ಹೊಟ್ಟೆ ಬಿದ್ದಾಗ ಒಡೆಯಬಹುದು. ಬತ್ತಿ ಸುಕ್ಕಾದರೆ ನೀರು ಸಾಲದು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಅದೊಂದೇ ಹೊಟ್ಟೆ. ನೊಣಕ್ಕೆ ರೇಷನ್ ಕಾರ್ಡು ಬಂತು.

ಒಂದು ಸಂಜೆ ಹೊರಗೆ ಅಡ್ಡಾಡಲು ಬಿಟ್ಟಿದ್ದಾಗ ಅವಳು ನೀರಿನ ಲೋಟದ ಅಂಚಿಗೆ ಹೋಗಿ ಬಗ್ಗಿದಳು. ನನಗೆ ಎದೆ ಧಸಕ್ಕೆಂದಿತು. ಕುದುರೆಬಾಲದ ಕೂದಲಿನಂಥ ಹುಳುವೊಂದು ಇವುಗಳ ಹೊಟ್ಟೆಯಲ್ಲಿ ಬೆಳೆದು, ಕೊನೆಗೆ ನೀರಿನತ್ತ ನಡೆಸಿ, ಅಲ್ಲಿ ಹೊರಬರುವುದುಂಟು. ಟಾರ್ಚು ಹಿಡಿದು ಅರ್ಧ ಗಂಟೆ ಕಾವಲು ಕಾದೆ. ಅವಳು ನೀರು ಕುಡಿದು, ಮುಂಗಾಲು ನೆಕ್ಕಿಕೊಂಡು, ಪರದೆ ಹತ್ತಿದಳು.

ಮೂರು ತಿಂಗಳು ಕಳೆದ ಮೇಲೆ ಪಾದದ ತುದಿಗಳು ಒಂದೊಂದಾಗಿ ಉದುರತೊಡಗಿದವು. ಹಿಡಿತ ತಪ್ಪಿತು, ಹಸಿರು ಮಾಸಿತು. ಈ ಸಲ ಚೀಟಿ ಬರೆಯಲಿಲ್ಲ. ಮರಿಯಾಗಿದ್ದರೆ ಮುರಿದ ಕಾಲೂ ಪೊರೆ ಬಿಟ್ಟಂತೆ ಮತ್ತೆ ಬೆಳೆಯುತ್ತದೆ. ರೆಕ್ಕೆ ಬಂದವರಿಗೆ ಇನ್ನು ಪೊರೆಯಿಲ್ಲ. ಕಡ್ಡಿಗೆ ಜೇನು ಸವರಿ ಬಾಯಿಗೆ ಹಿಡಿದರೆ ಚೂರು ನೆಕ್ಕುತ್ತಿದ್ದಳು. ಒಂದು ಭಾನುವಾರ ಅದನ್ನೂ ಬಿಟ್ಟಳು.

ಹೋಗುವ ಮೊದಲು ಕಿಟಕಿಯ ಕರ್ಟನ್ನಿಗೆ ನೊರೆಯ ಗೂಡೊಂದನ್ನು ಮೆತ್ತಿದ್ದಳು. ಗಂಡು ಕಾಣದೆ ಇಟ್ಟ ಮೊಟ್ಟೆ, ಮರಿಯಾಗುವ ಆಸೆ ನಮಗಿರಲಿಲ್ಲ. ಆದರೂ ಕರ್ಟನ್ ಒಗೆಯಲು ಮಗಳು ಬಿಡಲಿಲ್ಲ. ಚೀನಾದ ನಾಟಿ ವೈದ್ಯರು ಇಂಥ ಗೂಡನ್ನು ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಮಕ್ಕಳಿಗೆ ಕೊಡುತ್ತಿದ್ದರು. ಫ್ರಾನ್ಸಿನ ಪ್ರೊವಾನ್ಸಿನಲ್ಲಿ ಚಳಿಗೆ ಊದಿ ತುರಿಸುವ ಬೆರಳುಗಳಿಗೆ ಇದರ ರಸ ತಿಕ್ಕುತ್ತಿದ್ದರೆಂದು ಕೀಟಗಳ ಚರಿತ್ರೆ ಬರೆದ ಫಾಬ್ರ್ ಹೇಳುತ್ತಾನೆ. ತನ್ನ ಮನೆಯವರ ಮೇಲೂ ಪ್ರಯೋಗಿಸಿ, ಏನೂ ಗುಣ ಕಾಣಲಿಲ್ಲ ಎಂದೂ ಸೇರಿಸುತ್ತಾನೆ. ತನ್ನ ಕಾಯಿಲೆಗೆ ಒಬ್ಬ ಡಾಕ್ಟರೂ ಸಿಗದ ಹುಳು ಎರಡು ದೇಶಗಳಿಗೆ ಮದ್ದು ಒದಗಿಸಿತ್ತೆಂದು ರಾತ್ರಿ ಊಟದ ಹೊತ್ತಿಗೆ ನಾನು ಸ್ವಲ್ಪ ಭಾವುಕನಾಗಿಯೇ ಹೇಳಿದೆ.

ಅಮ್ಮ ಕರ್ಟನ್ನಿನ ಕಡೆಗೊಮ್ಮೆ, ತನ್ನ ಕಾಲಿನ ಕಡೆಗೊಮ್ಮೆ ನೋಡಿದಳು. "ಹಿಮ್ಮಡಿ ಒಡೆದಿರೋದಕ್ಕೆ ಆಗುತ್ತೇನೋ?"