ಪಾರಿಜಾತದಾಗಿನ ಕೆಮ್ಮು

ನಮ್ಮ ಮನೆಯಲ್ಲಿ ಒಂದು ಕೆಮ್ಮು ಕಳುವಾಗಿದೆ. ನಗಬೇಡಿ. ಮಾವನವರು ಊಟ ಬಿಟ್ಟಿದ್ದಾರೆ. ಅಂದರೆ, ಎರಡನೇ ಸಲ ಅನ್ನಸಾರು ಹಾಕಿಸಿಕೊಳ್ಳುವುದನ್ನು ಬಿಟ್ಟಿದ್ದಾರೆ. ನಮ್ಮಪ್ಪ ಬೇಸ್‌ಮೆಂಟಿನಲ್ಲಿ ವಾಷಿಂಗ್ ಮಷೀನಿನ ಮುಂದೆ ಕುರ್ಚಿ ಹಾಕಿಕೊಂಡು ಅದು ತಿರುಗುವುದನ್ನೇ ನೋಡುತ್ತ ಕೂತಿದ್ದಾನೆ. ಸಿಟ್ಟು ಮಾಡಿಕೊಂಡು ಹೊರಗೆ ಹೋಗೋಣವೆಂದರೆ ನ್ಯೂಜೆರ್ಸಿಯಲ್ಲಿ ಮೊಣಕಾಲುದ್ದ ಹಿಮ. ಕದ್ದವಳು ಹದಿನಾರು ವರ್ಷದ ನನ್ನ ಮಗಳು. ಕಳುವಾದ ಮಾಲಿಗೆ ಅವಳ ಎರಡು ಪಟ್ಟಿಗೂ ಮೀರಿದ ವಯಸ್ಸು, ಉದ್ದ ಮಾತ್ರ ಅರ್ಧ ಸೆಕೆಂಡು.

ಮಾವನವರ ಹತ್ತಿರ ಒಂದು ಕ್ಯಾಸೆಟ್ ಇದೆ. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗಿದ್ದ 1980ರ ದಶಕದಲ್ಲಿ, ಗವಿಮಠದ ಜಾತ್ರೆಗೆ ಬಂದಿದ್ದ ಮ್ಯಾಳದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ತಾವೇ ತುಂಬಿಕೊಂಡಿದ್ದು: ಶ್ರೀಕೃಷ್ಣ ಪಾರಿಜಾತ. ಕುಷ್ಟಗಿಯಿಂದ ಆ ಯಂತ್ರವನ್ನು ಹೆಗಲ ಮೇಲೆ ಹೊತ್ತು ತಂದ ಕಥೆಯೇ ಒಂದು ಉಪಕಥೆ, ಅದನ್ನು ಬಿಡುತ್ತೇನೆ. ನಮ್ಮ ಕಡೆಯವರಿಗೆ ಪಾರಿಜಾತವನ್ನು ಪರಿಚಯಿಸುವ ಅಗತ್ಯವಿಲ್ಲ. ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸುದ್ದಿ ಮುಟ್ಟಿತು. ಕಥೆ ಇಷ್ಟೇ, ಆಡಲಿಕ್ಕೆ ಮಾತ್ರ ಇಡೀ ರಾತ್ರಿ ಬೇಕು. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ, ಕೌಜಲಗಿ ನಿಂಗಮ್ಮ ಊರೂರಿಗೆ ಹಬ್ಬಿಸಿದಳು. ಹಾಡುವಾಗ ಭಾಮೆ ದ್ವಾರಕೆಯ ರಾಣಿ, ಮಾತಿಗಿಳಿದರೆ ನಮ್ಮ ಓಣಿಯ ನಳದ ಮುಂದಿನ ಹೆಂಗಸು. ಗಮ್ಮತ್ತಿರುವುದು ಅಲ್ಲೇ.

ಕ್ಯಾಸೆಟ್ಟು ತೊಂಬತ್ತು ನಿಮಿಷದ್ದು, ಒಂದೊಂದು ಬದಿಗೆ ನಲವತ್ತೈದು. ರಾತ್ರಿ ಹತ್ತರಿಂದ ಕೋಳಿ ಕೂಗುವ ತನಕದ ಆಟ ಅದರೊಳಗೆ ಹಿಡಿಯುವುದೆಂತು? ಮೊದಲ ಬದಿ ಭಾಮೆ ಅಗಳಿ ಹಾಕಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಎರಡನೆಯ ಬದಿ ಶುರುವಾಗುವಾಗ ಕೃಷ್ಣ ಆಗಲೇ ಬಾಗಿಲ ಹೊರಗೆ ನಿಂತು ಹಲ್ಲುಗಿಂಜುತ್ತಿರುತ್ತಾನೆ. ನಡುವೆ ಏನಾಯಿತೆಂಬುದನ್ನು ಮಾವನವರು ಬಾಯಿಮಾತಿನಲ್ಲಿ ತುಂಬಿಸುತ್ತಾರೆ. ಪ್ರತಿ ಸಲ ಬೇರೆ ಕಥೆ. ಅಷ್ಟೇ ಅಲ್ಲ, ಪ್ರತಿ ಹಾಸ್ಯದ ಮಾತಿಗೂ ಮುಂಚೆ ಟೇಪು ನಿಲ್ಲಿಸಿ, ‘ಈಗ ನೋಡ್ರಿ, ಈಗ ಬರತೈತಿ’ ಎಂದು ಆ ಮಾತನ್ನು ತಾವೇ ಹೇಳಿ, ತಾವೇ ನಕ್ಕು, ಆಮೇಲೆ ಕಲಾವಿದರಿಗೆ ಅವಕಾಶ ಕೊಡುತ್ತಾರೆ.

ಈಗ ಆ ಕೆಮ್ಮಿನ ವಿಷಯ. ಎರಡನೆಯ ಬದಿಯಲ್ಲಿ ಕೃಷ್ಣ ಬಾಗಿಲ ಮುಂದೆ ನಿಂತು ಮೆಲ್ಲಗೆ ಭಾಮೆಯನ್ನು ಕರೆಯುತ್ತಾನೆ. ಹಾರ್ಮೋನಿಯಂ ನಿಲ್ಲುತ್ತದೆ. ಜಾತ್ರೆಯೇ ಉಸಿರು ಬಿಗಿಹಿಡಿದಿದೆ. ಆ ಹೊತ್ತಿಗೆ ಸರಿಯಾಗಿ ಜನರ ನಡುವಿನಿಂದ ಒಂದು ‘ಖೊಕ್!’ ಭಾಮೆಯ ಪಾತ್ರಧಾರಿ ಒಂದು ಗಳಿಗೆಯೂ ತಡಮಾಡದೆ, ‘ನೋಡಬೇ ದೂತಿ, ಹೊರಗ ಥಂಡಿ ಭಾಳ ಐತಿ, ಸ್ವಾಮಿಗೆ ಕೆಮ್ಮು ಹತ್ತೈತಿ!’ ಎನ್ನುತ್ತಾಳೆ. ಪೆಂಡಾಲು ಹಾರಿಹೋಗುವಂತೆ ಜನ ನಗುತ್ತಾರೆ. ತಮ್ಮಣ್ಣಂದಿರಿಬ್ಬರೂ ಬರೆಯದ ಈ ಮಾತೇ ನಮ್ಮ ಮನೆಯ ಮಟ್ಟಿಗೆ ಪಾರಿಜಾತದ ತಿರುಳು.

ನನ್ನ ಮದುವೆ ಕೂಡಿದ್ದೂ ಈ ಕೆಮ್ಮಿನಿಂದ. ಗಂಗಾವತಿಗೆ ನನ್ನನ್ನು ನೋಡಲು ಬಂದ ಕುಷ್ಟಗಿಯವರು ಉಪ್ಪಿಟ್ಟು ತಿಂದು ಮುಂದೆ ಮಾತು ಸಿಗದೆ ಕೂತಿದ್ದರು. ಹುಡುಗ ಗೋಡೆ ನೋಡುತ್ತಿದ್ದ, ನಾನು ನೆಲ. ಮಾವನವರು ಚೀಲದಿಂದ ಕ್ಯಾಸೆಟ್ ತೆಗೆದು, ‘ಟೇಪ್ ಐತೇನ್ರಿ?’ ಎಂದರು. ಕೆಮ್ಮು ಬಂದಾಗ ನಮ್ಮಪ್ಪ ಎದ್ದು ನಿಂತುಬಿಟ್ಟ. ‘ಅಲ್ರೀ, ಈ ಕೆಮ್ಮು ನಂದು! ಆ ರಾತ್ರಿ ನಾನೂ ಅಲ್ಲೇ ಇದ್ದೆ!’ ಮಾವನವರು ಎದ್ದು ಅಪ್ಪಿಕೊಂಡರು. ಜಾತಕವನ್ನು ಯಾರೂ ತೆರೆಯಲೇ ಇಲ್ಲ.

ಇಷ್ಟು ವರ್ಷ ಸುಖವಾಗಿದ್ದೆವು. ಈ ಸಲ ಬೀಗರಿಬ್ಬರೂ ಒಟ್ಟಿಗೆ ನಮ್ಮಲ್ಲಿಗೆ ಬಂದಿದ್ದಾರೆ. ಮಾವನವರ ಹುಟ್ಟುಹಬ್ಬಕ್ಕೆ ಮಗಳು ಗುಟ್ಟಾಗಿ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಕೊಟ್ಟು ಸ್ವಚ್ಛ ಮಾಡಿಸಿದಳು. ಕೇಕ್ ಕತ್ತರಿಸಿದ ಮೇಲೆ ದೊಡ್ಡ ಸ್ಪೀಕರಿನಲ್ಲಿ ಹಚ್ಚಿದಳು. ಕೃಷ್ಣ ಕರೆದ. ಮೌನ. ಮಾವನವರು ಬೆರಳೆತ್ತಿ ‘ಈಗ ನೋಡ್ರಿ’ ಎಂದರು. ಕೆಮ್ಮು ಬರಲಿಲ್ಲ. ಆಸ್ಪತ್ರೆಯ ಮೌನದಂಥ ಮೌನದೊಳಗಿಂದ ಭಾಮೆ ಒಬ್ಬಳೇ ‘ಸ್ವಾಮಿಗೆ ಕೆಮ್ಮು ಹತ್ತೈತಿ’ ಎಂದಳು. ಒಬ್ಬರೂ ನಗಲಿಲ್ಲ. ನಗುವ ಜನರನ್ನೂ ಆ ಸಾಫ್ಟ್‌ವೇರು ಗುಡಿಸಿ ಹಾಕಿತ್ತು.

‘ನನ್ನ ಕೆಮ್ಮೆಲ್ಲಿ?’ ಎಂದು ಮಾವನವರು ಕೇಳಿದರು.

‘ನಿಮ್ದಾ?’ ಎಂದ ಅಪ್ಪ.

ಈ ಎರಡಕ್ಷರದ ಪ್ರಶ್ನೆಯಿಂದ ಮುಂದೆ ನಡೆದದ್ದನ್ನು ಬರೆಯಲು ತೊಂಬತ್ತು ನಿಮಿಷದ ಕ್ಯಾಸೆಟ್ಟು ಸಾಲದು. ಮಾವನವರ ವಾದ: ಟೇಪ್ ನನ್ನದು, ಮೈಕಿನ ಹತ್ತಿರ ಕೂತವನು ನಾನು, ಕೆಮ್ಮು ಇನ್ಯಾರದಾದೀತು? ‘ಮತ್ತ ಹೆಣ್ಣು ನೋಡಾಕ ಬಂದಾಗ ಒಪ್ಪಿ ಅಪ್ಪಿಕೊಂಡ್ರಲ್ಲ?’ ‘ಅವತ್ತು ಬೀಗರಾಗೋರು ಅಂತ ಮರ್ಯಾದಿ ಕೊಟ್ಟಿದ್ದೆ. ಹೆಣ್ಣಿನ ಮನ್ಯಾಗ ನಿಂತು ಕೆಮ್ಮಿಗೆ ಜಗಳಾಡ್ಲೇನು?’ ಅಂದರೆ ಇಷ್ಟು ವರ್ಷ ಅಪ್ಪ ಆ ಕೆಮ್ಮನ್ನು ಕಡವಾಗಿ ಇಟ್ಟುಕೊಂಡಿದ್ದ ಎಂದಾಯಿತು.

ಆಮೇಲೆ ಇಬ್ಬರೂ ಶಾಸ್ತ್ರಕ್ಕಿಳಿದರು. ಮಾವನವರ ಪ್ರಕಾರ ಅದು ಒಣಕೆಮ್ಮು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬತ್ತದ ಗದ್ದೆಯಲ್ಲಿ ಬೆಳೆದ ಗಂಗಾವತಿಯವರದು ಹಸಿ ಕೆಮ್ಮು, ಗೊರಗೊರ ಅನ್ನಬೇಕು. ‘ಖೊಕ್’ ಅಂತ ಕಡಿದು ಬಿಸಾಡಿದಂತೆ ಕೆಮ್ಮಬೇಕೆಂದರೆ ಮಳೆ ನಂಬಿ ಜೋಳ ಬಿತ್ತಿದ ಕುಷ್ಟಗಿಯ ಗಂಟಲೇ ಬೇಕು. ಅಪ್ಪ ಬಿಡುತ್ತಾನೆಯೇ? ‘ನಾವೂ ಜಾತ್ರಿ ಧೂಳು ಕುಡಿದೀವಿ. ಪುಷ್ಯಮಾಸದ ಥಂಡಿ ಕಾಲುವಿ ನೋಡಿ ಬೀಸತೈತೇನು?’ ಒಳಗೆ ಶೇಂಗಾ ಹಿಂಡಿ ಕುಟ್ಟುತ್ತಿದ್ದ ಅತ್ತೆಯವರ ತವರು ಯಲಬುರ್ಗಾ. ಅಲ್ಲಿಂದಲೇ ಕೂಗಿ ಹೇಳಿದರು: ‘ಒಣಾ ಕೆಮ್ಮಂದ್ರ ಯಲಬುರ್ಗಾದ್ದೂ ಆಗಬಹುದಲ್ಲ? ನಾನೂ ಅಲ್ಲೇ ಇದ್ದೆ. ನೀವಿಬ್ರೂ ಮಿರ್ಚಿ ಅಂಗಡಿ ಮುಂದ ಇದ್ರಿ.’ ಈ ಸಾಕ್ಷ್ಯವನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ. ವಾತಾವರಣ ತಿಳಿಮಾಡಲೆಂದು ನನ್ನ ಗಂಡ ಗಂಗಾವತಿ ಪ್ರಾಣೇಶರ ಹಾಸ್ಯ ಹಚ್ಚಿದ. ಮಾವನವರು ಎದ್ದೇ ಹೋದರು: ‘ಇದೂ ಗಂಗಾವತೀದ ಹಚ್ಚಿದೇನು?’

ನನಗೆ ಸಿಟ್ಟು ಬಂದದ್ದು ಮಗಳ ಮೇಲೆ. ಅವಳ ಶಾಲೆಯಲ್ಲಿ ಈ ವರ್ಷದ ನಾಟಕ ‘ದಿ ಡ್ರೌಜಿ ಶಾಪೆರೋನ್’. ಟೊರಾಂಟೊದ ಗೆಳೆಯರ ಗುಂಪು ತಮ್ಮಲ್ಲೊಬ್ಬನ ಮದುವೆಯ ಮುಂಚಿನ ಮೋಜಿಗೆಂದು 1998ರಲ್ಲಿ ಕಟ್ಟಿದ ಹಾಡು-ನಗೆಯ ಆಟ ಅದು. 2006ರಲ್ಲಿ ಬ್ರಾಡ್‌ವೇ ಸೇರಿ ಐದು ಟೋನಿ ಪ್ರಶಸ್ತಿ ಗೆದ್ದಿತು. ಅದರಲ್ಲಿ ಹೆಸರೇ ಇಲ್ಲದ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತು 1928ರ ಒಂದು ಹಾಸ್ಯ ಸಂಗೀತ ನಾಟಕದ ಹಳೆಯ ಪ್ಲೇಟ್ ಹಚ್ಚುತ್ತಾನೆ. ಅಂಥ ನಾಟಕ ನಿಜವಾಗಿ ಇರಲೇ ಇಲ್ಲ, ಕಟ್ಟಿದ್ದು. ಪಾತ್ರಗಳು ಅವನ ಮನೆಯೊಳಗೇ ಬಂದು ಕುಣಿಯುತ್ತವೆ, ಅವನು ನಡುನಡುವೆ ನಿಲ್ಲಿಸಿ ವಿವರಣೆ ಕೊಡುತ್ತಾನೆ. ಒಂದು ಕಡೆ ಪ್ಲೇಟಿನ ಮುಳ್ಳು ಸಿಕ್ಕಿಬೀಳುತ್ತದೆ. ಅಷ್ಟೂ ಪಾತ್ರಗಳು ಅದೇ ಸಾಲು, ಅದೇ ಹೆಜ್ಜೆ ತಿರುತಿರುಗಿ ಮಾಡುತ್ತ ಒದ್ದಾಡುತ್ತವೆ, ಅವನೆದ್ದು ಬಂದು ಮುಳ್ಳು ಸರಿಸಬೇಕು. ಮಗಳಿಗೆ ಪಾತ್ರ ಸಿಗಲಿಲ್ಲ, ಸೌಂಡ್ ವಿಭಾಗ ಸಿಕ್ಕಿದೆ. ಆ ಮುಳ್ಳು ಸಿಕ್ಕಿಬೀಳುವ ಸದ್ದು ಹೊರಡಿಸುವುದೇ ಅವಳ ಕೆಲಸ, ವಾರಗಟ್ಟಲೆ ಅದಕ್ಕೇ ತಾಲೀಮು!

‘ಅಲ್ಲಿ ಪ್ಲೇಟ್ ಕೆಟ್ರ ಚಪ್ಪಾಳೆ, ನಮ್ಮ ಕ್ಯಾಸೆಟ್ಟಿಗೆ ಮಾತ್ರ ಎಣ್ಣಿಸ್ನಾನ ಏನ?’ ಎಂದು ಕೇಳಿದೆ. ಕುರ್ಚಿಯ ಮನುಷ್ಯನನ್ನು ನೋಡಲು ಶಾಲೆಗೆ ಹೋಗಬೇಕಿಲ್ಲ ಎಂದೂ ಹೇಳಿದೆ. ಟೊರಾಂಟೊದವರು ಹುಟ್ಟಿಸುವ ಮುಂಚಿನಿಂದ ಅವನು ನಮ್ಮ ಹಾಲಿನ ರಿಕ್ಲೈನರಿನಲ್ಲಿ ಪಂಚೆ ಉಟ್ಟುಕೊಂಡು ಕೂತಿದ್ದಾನೆ. ಅವಳು ತಿರುಗಿ ನೋಡಿದಳು. ನೋಡಿ, ಮೊದಲ ಸಲ ಅಜ್ಜನನ್ನು ಕಂಡವಳಂತೆ ನಕ್ಕಳು. ಭಾಮೆ ‘ಟಾಕ್ಸಿಕ್’ ಎಂದು ಷರಾ ಬರೆದಿದ್ದ ಹುಡುಗಿ ಅಂದು ರಾತ್ರಿ ಹೊಸ ಉಪಾಯ ತಂದಳು. ಸಾಫ್ಟ್‌ವೇರು ತೆಗೆದುಹಾಕಿದ್ದೆಲ್ಲ ಎಲ್ಲಿಯೂ ಹೋಗಿಲ್ಲವಂತೆ. ಕಸವನ್ನಷ್ಟೇ ಬೇರೆ ಫೈಲಾಗಿ ಕೇಳಬಹುದಂತೆ.

ಕೇಳಿದೆವು. ಪಾರಿಜಾತವಿಲ್ಲದ ಪಾರಿಜಾತದ ರಾತ್ರಿ. ಕೃಷ್ಣನಿಲ್ಲ, ಭಾಮೆಯಿಲ್ಲ. ಮಕ್ಕಳ ಅಳು, ಪೀಪಿ, ಸಿಳ್ಳೆ, ಯಾರೋ ಯಾರಿಗೋ ‘ತಲಿ ತಗ್ಗಿಸಲೇ’ ಎನ್ನುವುದು. ನಡುವೆ ಒಂದು ದಪ್ಪ ದನಿ: ‘ತಮ್ಮಾ, ಚಾ ಕುಡೀತಿಯೇನೋ?’ ಮಾವನವರು ಸರಕ್ಕನೆ ನೆಟ್ಟಗಾದರು. ‘ಅಣ್ಣ’ ಎಂದರು. ಅವರಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಹಾಡಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಆ ದನಿ ಅವರಿಗೇ ಗೊತ್ತಿರಲಿಲ್ಲ. ಅಪ್ಪ ಏನೂ ಮಾತಾಡದೆ ಎದ್ದು, ನಮ್ಮ ಮನೆಯಲ್ಲಿ ಹಿಂದೆಂದೂ ಮಾಡದ ಕೆಲಸ ಮಾಡಿದ. ಒಲೆ ಹೊತ್ತಿಸಿ ಚಹಾಕ್ಕಿಟ್ಟ. ಸಕ್ಕರೆ ಬದಲು ಉಪ್ಪು ಹಾಕಿದ್ದ. ಮಾವನವರು ಮುಖ ಹಿಂಡದೆ ಪೂರ್ತಿ ಕುಡಿದರು.

ಜಗಳ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಫೈಲು ಮುಂದೆ ಓಡಿತು. ‘ಖೊಕ್!’ ಬಂತು. ಇಬ್ಬರೂ ಒಟ್ಟಿಗೆ ‘ಹಾಂ!’ ಎಂದರು. ಅದರ ಬೆನ್ನಿಗೇ, ಭಾಮೆಯ ಮಾತಿನ ಕೆಳಗೆ ಇಷ್ಟು ಕಾಲ ಹೂತುಹೋಗಿದ್ದ ಇನ್ನೊಂದು ಬಂತು: ‘ಖೊಕ್ ಖೊಕ್!’

ಎರಡು ಕೆಮ್ಮು! ಅವರಿಬ್ಬರಿಗೂ ಒಂದೊಂದು! ನಾನು ಕೈಮುಗಿದೆ. ಮುಗಿದ ಕೈ ಇಳಿಸುವುದರೊಳಗೆ ಮಾವನವರು ‘ಮೊದಲನೇದು ನಂದು’ ಎಂದರು. ಅಪ್ಪನೂ ಅದನ್ನೇ ಅಂದ. ಭಾಮೆ ಉತ್ತರ ಕೊಟ್ಟದ್ದು ಮೊದಲನೆಯದಕ್ಕೆ. ಎರಡನೆಯದು ಬರೀ ಆರೋಗ್ಯದ ಸಮಸ್ಯೆ. ಅದು ಯಾರಿಗೆ ಬೇಕು?

ಕೊನೆಗೆ ನಾನು ದ್ವಾರಕೆಯ ದಾರಿ ಹಿಡಿದೆ. ಪಾರಿಜಾತದ ಗಿಡವನ್ನು ಭಾಮೆಯ ಅಂಗಳದಲ್ಲಿ ನೆಟ್ಟು, ಹೂವು ರುಕ್ಮಿಣಿಯ ಅಂಗಳಕ್ಕೆ ಉದುರುವಂತೆ ಮಾಡಿದವನು ಕೃಷ್ಣನೇ ತಾನೇ? ಮಾವನವರನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದೆ: ‘ಮಾವಾರ, ಕಂಪ್ಯೂಟರಿನಾಗ ಪರೀಕ್ಷೆ ಮಾಡಿಸಿವಿ. ಮೊದಲನೇದು ನಿಮ್ದ. ಅಪ್ಪಗ ಹೇಳಬ್ಯಾಡ್ರಿ, ಪಾಪ, ನೊಂದುಕೊಳ್ತಾನ.’ ಬೇಸ್‌ಮೆಂಟಿಗಿಳಿದು ಅಪ್ಪನಿಗೂ ಅದನ್ನೇ ಹೇಳಿದೆ, ‘ಮಾವಾರಿಗೆ ಹೇಳಬ್ಯಾಡ, ವಯಸ್ಸಾಗೈತಿ’ ಎಂದು ಸೇರಿಸಿ. ಅಪ್ಪನಿಗಿಂತ ಅವರು ಎರಡೇ ವರ್ಷ ದೊಡ್ಡವರು, ಆ ಮಾತು ಅವನಿಗೆ ಬಹಳ ಹಿಡಿಸಿತು. ಮಗಳು ಒಂದೇ ಫೈಲನ್ನು ಎರಡು ಹೆಸರಿನಲ್ಲಿ ಇಬ್ಬರ ಫೋನಿಗೂ ಹಾಕಿಕೊಟ್ಟಳು: ಒಂದರಲ್ಲಿ ‘ಕುಷ್ಟಗಿ ಕೆಮ್ಮು’, ಇನ್ನೊಂದರಲ್ಲಿ ‘ಗಂಗಾವತಿ ಕೆಮ್ಮು’. ಅತ್ತೆಯವರು ಎಲ್ಲ ನೋಡಿದರು, ಏನೂ ಅನ್ನಲಿಲ್ಲ. ‘ಯಲಬುರ್ಗಾದ್ದು ಒಂದು ನನಗೂ ಹಾಕಿಕೊಡು’ ಎಂದರು.

ಅಂದಿನಿಂದ ಮನೆಯಲ್ಲಿ ನಡೆದಿರುವ ಔದಾರ್ಯವನ್ನು ನೋಡಲಾಗುತ್ತಿಲ್ಲ. ಗೆದ್ದವರ ಕರುಣೆ ಎಂದರೆ ಹೀಗೇ ಇರುತ್ತದೇನೋ. ಮಾವನವರು ದೊಡ್ಡ ಹೋಳಿಗೆಯನ್ನು ಅಪ್ಪನ ತಾಟಿಗೆ ಹಾಕುತ್ತಾರೆ, ಅಪ್ಪ ಅವರ ಮಫ್ಲರ್ ಸರಿಮಾಡುತ್ತಾನೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ‘ಚಲೋ ಕೆಮ್ಮತೀರಿ ಬಿಡ್ರಿ’ ಎಂದು ಮೆಚ್ಚಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಾರೆ.

ಕೃಷ್ಣನಿಗೆ ಇದ್ದ ಒಂದು ಅನುಕೂಲ ನನಗಿಲ್ಲ. ಅವನ ಇಬ್ಬರು ರಾಣಿಯರು ಒಂದೇ ವಿಮಾನ ಹತ್ತಲಿಲ್ಲ. ಬೀಗರಿಬ್ಬರೂ ಮುಂದಿನ ವಾರ ಬೆಂಗಳೂರಿಗೆ ಹೊರಟಿದ್ದಾರೆ. ಪಕ್ಕಪಕ್ಕದ ಸೀಟೇ ಬೇಕೆಂದು ಹಟ ಹಿಡಿದು ಬದಲಾಯಿಸಿಕೊಂಡಿದ್ದಾರೆ. ‘ದಾರಿಯೊಳಗ ಬೀಗರಿಗೆ ಒಂದು ಕೇಳಸೋದೈತಿ’ ಎಂದು ಮಾವನವರು ಫೋನ್ ಚಾರ್ಜಿಗೆ ಹಾಕಿಸಿಟ್ಟಿದ್ದಾರೆ, ಅಪ್ಪ ಹೊಸ ಇಯರ್‌ಫೋನ್ ಕೊಡಿಸಿಕೊಂಡಿದ್ದಾನೆ. ಅತ್ತೆಯವರೂ ನಮ್ಮವ್ವನೂ ತಮ್ಮ ಸೀಟುಗಳನ್ನು ಆರು ಸಾಲು ಹಿಂದಕ್ಕೆ ಹಾಕಿಸಿಕೊಂಡಿದ್ದಾರೆ. ಆ ವಿಮಾನ ಇಳಿಯುವವರೆಗೂ, ಇಳಿದ ಮೇಲೂ ಒಂದೆರಡು ದಿನ, ನನ್ನ ಫೋನು ಸ್ವಿಚ್ ಆಫ್ ಇರುತ್ತದೆ.