ಹೊಟ್ಟೆಯೊಳಗಿನ ವೇಗದೂತ

ಕರುಳಿನೊಳಗೆ ದುರ್ಬೀನು ಬಿಟ್ಟು ನೋಡುವ ಕೊಲೊನೋಸ್ಕೋಪಿಗೆ ಮುಂಚೆ ಹೊಟ್ಟೆ ತೊಳೆಯುವ ಪುಡಿಗೆ ‘ಲಿಂಬೆ ರುಚಿ’ ಬೆರೆಸಿದ ಪುಣ್ಯಾತ್ಮ ಲಿಂಬೆಯನ್ನು ಚಿತ್ರದಲ್ಲಷ್ಟೇ ನೋಡಿರಬೇಕು. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆಯ ಪಕ್ಕದ ಜಿಲ್ಲೆಯವರಾದ ನಮಗೆ ಈ ಮೋಸ ಮೊದಲ ಗುಟುಕಿಗೇ ತಿಳಿಯುತ್ತದೆ.

1980ರಲ್ಲಿ ಅಮೆರಿಕದ ಡೇವಿಸ್, ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಈ ಪುಡಿಯ, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದ ಲೆಕ್ಕ ಕೂಡಿಸಿದರು. ಮೈಯೊಳಗಿನ ನೀರು, ಉಪ್ಪು ಏರುಪೇರಾಗಬಾರದೆಂದು ತೂಗಿ ತೂಗಿ ನೋಡಿದರು. ನಾಲಿಗೆಯೂ ಅದೇ ಮೈಯಲ್ಲಿದೆ ಎಂಬುದು ಮಾತ್ರ ನೆನಪಾಗಲಿಲ್ಲ. ಕುಡಿಯಬೇಕಾದದ್ದು 4 ಲೀಟರ್. ಈಗ ಎಷ್ಟೋ ಕಡೆ 2 ಲೀಟರಿಗೆ ಇಳಿದಿದೆ. 2020ರಲ್ಲಿ ಅಮೆರಿಕದಲ್ಲಿ ಹೊಸ ಮಾತ್ರೆಗೂ ಅನುಮತಿ ಸಿಕ್ಕಿತು. ಒಂದಲ್ಲ, 24 ಮಾತ್ರೆ. ಅದರ ಮೇಲೆ ಮತ್ತೆ ಲೀಟರುಗಟ್ಟಲೆ ನೀರು!

ನಮ್ಮ ಅನಗವಾಡಿಯ ಕಾಕಾಗೆ ‘ದುರ್ಬೀನು ಬಿಡಬೇಕು’ ಎಂದ ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಒಂದು ಚೀಟಿ ಕೊಟ್ಟರು. ತಾತ್ಪರ್ಯ: ಬೀಜ ಬೇಡ, ನಾರು ಬೇಡ. ಅಲ್ಲಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಲ್ಲ ಎದ್ದುಹೋದವು. ತಾಟಿನಲ್ಲಿ ಉಳಿದದ್ದು ಉಪ್ಪು. ಅಗಸಿಕಾಳು ದುರ್ಬೀನಿನ ಹೀರುಕೊಳವೆಯಲ್ಲಿ ಸಿಕ್ಕಿಬಿದ್ದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವೂ ಕೆಮ್ಮುತ್ತದೆ, ನಿಜ. ‘ಬರೇ ಅನ್ನಾ ಮೊಸರು ಉಣ್ರಿ’ ಎಂದ ಡಾಕ್ಟರಿಗೆ ಕಾಕಾ ಕೇಳಿದರು: ‘ರೊಟ್ಟಿ ಬಿಟ್ಟು ಅನ್ನಾ ಉಣ್ಣಾಕ ನನಗೇನ್ ಜಡ್ಡಾಗೇತೇನ್ರಿ?’

ಮುಧೋಳದ ಕಬ್ಬಿನ ಬೀಗರು ‘ಆ ಪುಡಿಗೆ ಬೆಲ್ಲದ ಹೆಂಟಿ ಹಾಕಿ ಕದಡ್ರಿ’ ಎಂದರು. ಅದೂ ನಡೆಯದು. ಸಿಹಿ ಕರುಳಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದರೆ ಜಲಜನಕ, ಮೀಥೇನ್ ಹುಟ್ಟುತ್ತವೆ. ಕರುಳಿನ ಗಂಟು (ಪಾಲಿಪ್) ಸುಡುವಾಗ ಕಿಡಿ ತಗುಲಿದರೆ ಒಳಗೇ ಢಂ. ಮ್ಯಾನಿಟಾಲ್ ಕುಡಿಸುತ್ತಿದ್ದ ಕಾಲದಲ್ಲಿ ಹಾಗಾದದ್ದೂ ಇದೆ. ತಣ್ಣಗೆ ಮಾಡಿ ಸ್ಟ್ರಾದಲ್ಲಿ ಹೀರಿ, ನಡುನಡುವೆ ನಿಜವಾದ ಲಿಂಬೆಹೋಳು ಚೀಪಿ: ಇಷ್ಟಕ್ಕೆ ಪರವಾನಗಿ. ಕೋಕಂ ಕೇಳಬೇಡಿ, ಕೆಂಪು ಕಂಡರೆ ಡಾಕ್ಟರಿಗೆ ರಕ್ತದ ಅನುಮಾನ.

ನಾಲಿಗೆಯ ಉಪಚಾರ ಮುಗಿಯಿತು. ಉಳಿದ ಮೈ ಏನು ಮಾಡಬೇಕೆಂದು ಚೀಟಿಯಲ್ಲಿಲ್ಲ. ದ್ರಾವಣ ಕುಡಿಯುವುದು ಎರಡು ಕಂತಿನಲ್ಲಿ; ಎರಡನೆಯ ಕಂತನ್ನು ಪರೀಕ್ಷೆಗೆ ನಾಲ್ಕರಿಂದ ಆರು ತಾಸು ಮೊದಲು ಶುರು ಮಾಡಬೇಕು. ಹಾಗಾದರೇ ಕರುಳು ಸ್ವಚ್ಛವಾಗಿ ಸಣ್ಣ ಗಂಟೂ ಕಣ್ಣಿಗೆ ಬೀಳುತ್ತದೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಈ ವಿದ್ಯೆ ಕಂಡುಹಿಡಿದವರ ಮನೆಯಲ್ಲಿ ಸಂಡಾಸವೂ ಬಾಗಿಲಲ್ಲಿ ಕಾರೂ ಇದ್ದವು. ಕಾಕಾ ನಸುಕಿನ ನಾಲ್ಕಕ್ಕೆ ಒಂದು ಲೀಟರ್ ಏರಿಸಿ, ಘಟಪ್ರಭೆಯ ಸೇತುವೆ ದಾಟಿ, ಗದ್ದನಕೇರಿ ಕ್ರಾಸ್ ಮೇಲೆ ಬಾಗಲಕೋಟೆ ಮುಟ್ಟಬೇಕಿತ್ತು. ಬಸ್ಸಿನ ಹಣೆಯ ಮೇಲೆ ‘ವೇಗದೂತ’ ಎಂದು ಬರೆದಿತ್ತು. ನಿಜವಾದ ವೇಗದೂತ ಕಾಕಾನ ಹೊಟ್ಟೆಯಲ್ಲಿದ್ದ. ಕಂಡಕ್ಟರ್ ‘ಹೋಲ್ಡಾನ್’ ಎಂದಾಗಲೆಲ್ಲ ಡ್ರೈವರನಿಗಿಂತ ಮೊದಲು ಕಾಕಾ ಪಾಲಿಸಿದರು.

ಆಸ್ಪತ್ರೆಯಲ್ಲಿ ಸಿಸ್ಟರ್ ನಗುನಗುತ್ತ, ‘ಕಾಕಾರ, ಈಗ ಆರೆಂಜ್ ಫ್ಲೇವರೂ ಬಂದೈತ್ರಿ’ ಎಂದಳು.

‘ಫ್ಲೇವರ್ ಯಾವುದರ ಇರ್ಲಿ ತಂಗಿ, ಮೊದಲ ಆ ಸಂಡಾಸದ ಕೀಲಿಕೈ ಕೊಡವ್ವಾ!’