ಬೇಲಿಯಾಚೆಯ ದೇಶ

ನಮ್ಮ ಕರಿಬೇವಿನ ಗಿಡದ ಅರ್ಧಕ್ಕರ್ಧ ಕೊಂಬೆಗಳು ಕಾಂಪೌಂಡ್ ದಾಟಿ ಪಕ್ಕದ ಮನೆ ಅಕ್ಕನ ಅಂಗಳಕ್ಕೆ ಬಾಗಿವೆ. ಬೆಳಿಗ್ಗೆ ಒಗ್ಗರಣೆ ಹೊತ್ತಿಗೆ ನಾನು ಈ ಕಡೆಯಿಂದ, ಅವರು ಆ ಕಡೆಯಿಂದ ಕೈ ಹಾಕುವುದು, ಐದು ನಿಮಿಷದ ಮಾತು ಅರ್ಧ ಗಂಟೆಗೆ ಬೆಳೆಯುವುದು ಹದಿನೆಂಟು ವರ್ಷದಿಂದ ನಡೆದುಬಂದಿದೆ. ಮೊನ್ನೆ ಅಕ್ಕನ ಮುಖ ಸಪ್ಪಗಿತ್ತು.

"ಈ ವರ್ಷ ಎಲ್ಲೂ ಹೋಗೋದಿಲ್ಲ ಕಣೇ," ಅಂದರು. "ಇವ್ರು ರಿಟೈರಾದ ದುಡ್ಡಲ್ಲಿ ಒಂದೇ ಒಂದು ಸಲ ದೇಶದಾಚೆ ಹೋಗಿ ಬರೋಣ ಅಂತ ಮೂರು ಲಕ್ಷ ಎತ್ತಿಟ್ಟಿದ್ವಿ. ಡಾಲರ್ ತೊಂಬತ್ತು ದಾಟಿದೆ, ರೂಪಾಯಿ ನೆಲಕಚ್ಚಿದೆ, ಈಗ ಹೋದ್ರೆ ಕೈ ಸುಟ್ಕೋತೀರಿ ಅಂದ್ಬಿಟ್ಟ ಮಗ. ದುಬೈ ಪ್ಯಾಕೇಜ್ ಕೇಳಿದ್ರೆ ಮಗ ಸೊಸೆ ಸೇರಿ ನಾಲ್ಕು ಜನಕ್ಕೆ ನಮ್ಮ ದುಡ್ಡು ಸಾಲೋದೇ ಇಲ್ಲ."

ಹಿಂದೆ ಕಟ್ಟೆಯ ಮೇಲೆ ಅಕ್ಕನ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ನನಗೆ ಅವರು ದೊಡ್ಡಮ್ಮ. ಎಪ್ಪತ್ತೆಂಟು ವಯಸ್ಸು, ಕಿವಿ ಇನ್ನೂ ಚುರುಕು. ಟೂರಿಗೆ ಹೊರಟರೆ ಅವರನ್ನು ಮಗಳ ಮನೆಯಲ್ಲಿ ಬಿಡುವುದು ಅಂತ ಮೊದಲೇ ಮಾತಾಗಿತ್ತು.

ನಾನು ಬ್ಯಾಂಕಿನಲ್ಲಿ ಇದ್ದವಳು. ಅದರಲ್ಲಿ ಒಂಬತ್ತು ವರ್ಷ ವಿದೇಶಿ ವಿನಿಮಯದ ಕೌಂಟರಿನಲ್ಲೇ ಕೂತಿದ್ದೆ. ಹಾಗಾಗಿ ಈ ವಿಷಯ ಬಂದರೆ ಸುಮ್ಮನಿರಲಾರೆ. "ಅಕ್ಕ, ನೀವು ಅಮೆರಿಕಕ್ಕಾ ಹೊರಟಿದ್ದು?" ಅಂದೆ.

"ಅಮೆರಿಕ ಎಲ್ಲಿಂದ ಬಂತೇ?"

"ಮತ್ತೆ ಡಾಲರ್ ಎಷ್ಟಾದ್ರೆ ನಿಮಗೇನು? ಹೋಗೋ ಊರಿನ ದುಡ್ಡು ಡಾಲರ್ ಬಾಲ ಹಿಡ್ಕೊಂಡಿದೆಯಾ, ಇಲ್ವಾ ಅಂತ ಮೊದಲು ನೋಡ್ಬೇಕು."

ದುಬೈ ಹಿಡಿದುಕೊಂಡಿದೆ. ಅಲ್ಲಿನ ದಿರ್ಹಮ್ 1997ರಿಂದ ಡಾಲರಿಗೆ 3.6725ರ ಲೆಕ್ಕದಲ್ಲಿ ಅಂಟಿಕೊಂಡೇ ಇದೆ. 2022ರ ಶುರುವಿನಲ್ಲಿ ಡಾಲರಿಗೆ 75 ರೂಪಾಯಿ ಇದ್ದಾಗ ದಿರ್ಹಮಿಗೆ ಇಪ್ಪತ್ತು ರೂಪಾಯಿ ಚಿಲ್ಲರೆ. 2025ರ ಡಿಸೆಂಬರಿನಲ್ಲಿ ಡಾಲರ್ 90 ದಾಟಿದ ದಿನ ದಿರ್ಹಮ್ ಇಪ್ಪತ್ನಾಲ್ಕರ ಮೇಲೆ. ಅಲ್ಲಿ ಒಂದು ಇಡ್ಲಿಯ ಬೆಲೆಯೂ ಏರದೆ ಇದ್ದರೂ ನಮ್ಮ ಖರ್ಚು ಏರಿತು. ಒಮಾನ್, ಮಾಲ್ಡೀವ್ಸ್ ಇದೇ ಸಾಲಿನವು. ಕಾಂಬೋಡಿಯಾದಲ್ಲಂತೂ ಅಂಗಡಿಯವರೇ ಡಾಲರ್ ಎಣಿಸಿ ಚಿಲ್ಲರೆಗೆ ಮಾತ್ರ ಅವರ ರಿಯಲ್ ಕೊಡುತ್ತಾರೆ. ಅಂಕೋರ್ ವಾಟ್ ನೋಡಲು ಒಂದು ದಿನದ ಟಿಕೆಟ್ 37 ಡಾಲರ್, 2017ರಿಂದ ಬದಲಾಗಿಲ್ಲ. ಬದಲಾಗಿದ್ದು ನಮ್ಮ ರೂಪಾಯಿ: ಅದೇ ಟಿಕೆಟಿಗೆ ಆಗ 2,500 ರೂಪಾಯಿಯ ಹತ್ತಿರ, ಈಗ 3,300 ದಾಟುತ್ತದೆ. ಅಂಕೋರ್ ನೋಡಬೇಡಿ ಅನ್ನುವುದಿಲ್ಲ, ಜನ್ಮದಲ್ಲಿ ಒಮ್ಮೆ ನೋಡಬೇಕಾದ ಜಾಗ. ಆದರೆ ರೂಪಾಯಿ ಸೋತಿರುವ ವರ್ಷ ಅದಕ್ಕಲ್ಲ.

"ಹಾಗಾದ್ರೆ ಎಲ್ಲಾ ಕಡೆ ನಮ್ಮ ರೂಪಾಯಿ ಸೋತಿಲ್ವಾ?" ಅಂತ ಅಕ್ಕ ಕೇಳಿದರು.

ಇಲ್ಲ. ಜಪಾನಿನ ಯೆನ್ ನಮಗಿಂತ ಹೆಚ್ಚು ಕುಸಿದಿದೆ. 2020ರ ಕೊನೆಗೆ ನೂರು ಯೆನ್ನಿಗೆ ಎಪ್ಪತ್ತು ರೂಪಾಯಿ ಕೊಡಬೇಕಿತ್ತು, 2025ರ ಕೊನೆಗೆ ಐವತ್ತೆಂಟರ ಸುಮಾರು. ಹಾಗಂತ ಜಪಾನ್ ಮೂರು ಲಕ್ಷದಲ್ಲಿ ನಾಲ್ಕು ಜನಕ್ಕೆ ಎಟುಕುವ ಊರಲ್ಲ, ವಿಮಾನದ ಟಿಕೆಟಿಗೇ ದೊಡ್ಡ ಪಾಲು ಹೋಗುತ್ತದೆ. ಮಲೇಷ್ಯಾದ ಕಥೆ ಇದಕ್ಕೆ ಉಲ್ಟಾ. 2023ರ ಡಿಸೆಂಬರಿನಿಂದ ನಮಗೆ ವೀಸಾ ಬೇಡ ಅಂದರು, ಜನ ಮುಗಿಬಿದ್ದು ಹೋದರು. ಆದರೆ 2024ರ ಶುರುವಿನಲ್ಲಿ ಹದಿನೇಳು, ಹದಿನೆಂಟು ರೂಪಾಯಿಗೆ ಸಿಗುತ್ತಿದ್ದ ರಿಂಗಿಟ್ 2025 ಮುಗಿಯುವಾಗ ಇಪ್ಪತ್ತೆರಡು ಮುಟ್ಟಿತ್ತು. ವೀಸಾದಲ್ಲಿ ಉಳಿದಿದ್ದು ಊಟದಲ್ಲಿ ಹೋಯಿತು.

ಇನ್ನೊಂದು ಭ್ರಮೆ ನೋಟಿನ ಮೇಲಿನ ಸೊನ್ನೆಗಳದ್ದು. ನಮ್ಮ ಒಂದು ರೂಪಾಯಿಗೆ ವಿಯೆಟ್ನಾಮಿನ ಹೆಚ್ಚುಕಡಿಮೆ 290 ಡಾಂಗ್ ಸಿಗುತ್ತದೆ ಅಂದ ಕೂಡಲೇ ಅಲ್ಲಿ ನಾವು ಸಾಹುಕಾರರು ಅನ್ನಿಸಿಬಿಡುತ್ತದೆ. ಸೊನ್ನೆಗೂ ಅಗ್ಗಕ್ಕೂ ಸಂಬಂಧವಿಲ್ಲ. ಒಂದು ಊಟ, ಒಂದು ಕಾಫಿ, ಒಂದು ರಾತ್ರಿಯ ರೂಮು, ಈ ಮೂರರ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ವಿಯೆಟ್ನಾಮ್ ಅಗ್ಗ ಹೌದು, ಅದು ಸೊನ್ನೆಗಳಿಂದಲ್ಲ, ಅಲ್ಲಿ ಅನ್ನ ಅಗ್ಗವಾಗಿರುವುದರಿಂದ.

ನಾನೂ ನಮ್ಮ ಯಜಮಾನರೂ ಎರಡು ವರ್ಷದ ಹಿಂದೆ ಹೋಗಿದ್ದು ಅಲ್ಲಿಗೇ. ಹೋಯಿ ಆನ್ ಅಂತ ನದಿ ದಂಡೆಯ ಹಳೇ ಊರು. ಬೆಳಿಗ್ಗೆ ಫುಟ್‌ಪಾತಿನಲ್ಲಿ ಗಿಡ್ಡ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಒಬ್ಬ ಮುದುಕಿ ಕಾಫಿ ಮಾರುತ್ತಿದ್ದಳು. ನಮ್ಮ ಹಿತ್ತಾಳೆ ಫಿಲ್ಟರಿನ ಪುಟ್ಟ ತಂಗಿಯಂಥದ್ದು ಅವರದು, ಫಿನ್ ಅನ್ನುತ್ತಾರೆ. ಅದನ್ನು ಗಾಜಿನ ಲೋಟದ ಬಾಯಿಗೇ ಕೂರಿಸಿ, ತಳದಲ್ಲಿ ಗಟ್ಟಿ ಸಿಹಿ ಹಾಲು ಹಾಕಿ, ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಯುವವರೆಗೆ ಸುಮ್ಮನೆ ಕೂರುವುದು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವವರು ಅವರೇ, ಅದೂ ಹೆಚ್ಚಿನದು ನಮ್ಮ ಕೊಡಗಿನಲ್ಲಿ ಬೆಳೆಯುವಂಥ ರೋಬಸ್ಟಾ. ಕಹಿ ಗಟ್ಟಿ. ಕುಡಿದೆದ್ದು ಇಪ್ಪತ್ತು ಸಾವಿರದ ನೋಟು ಅಂತ ಒಂದು ನೀಲಿ ನೋಟು ಕೊಟ್ಟು ಹೊರಟೆವು. ಹತ್ತು ಹೆಜ್ಜೆ ಹೋಗಿರಬೇಕು, ಆಕೆ ಹಿಂದೆಯೇ ಓಡಿಬಂದು ನನ್ನ ಸೆರಗು ಹಿಡಿದಳು. ನಾನು ಕೊಟ್ಟಿದ್ದು ಐದು ಲಕ್ಷದ ನೋಟು. ಅಲ್ಲಿ ಎರಡೂ ನೀಲಿ, ಎರಡರ ಮೇಲೂ ಹೊ ಚಿ ಮಿನ್ನರ ಮುಖ. ಎಪ್ಪತ್ತು ರೂಪಾಯಿ ಕೊಡುವಲ್ಲಿ ಸಾವಿರದ ಏಳುನೂರು ಕೊಟ್ಟಿದ್ದೆ. ಆಕೆ ತನ್ನ ಬೆರಳಿನಿಂದ ಒಂದೊಂದೇ ಸೊನ್ನೆಯನ್ನು ಮುಟ್ಟಿ ತೋರಿಸಿ, ನನ್ನ ಪರ್ಸಿನಿಂದ ಸರಿಯಾದ ನೋಟನ್ನು ನನ್ನ ಕೈಯಿಂದಲೇ ತೆಗೆಸಿ, ದೊಡ್ಡದನ್ನು ಮಡಿಸಿ ನನ್ನ ಅಂಗೈಲಿಟ್ಟು ಬೆರಳು ಮುಚ್ಚಿದಳು. ಆ ಅಂಗೈ ಬಿಸಿ ನನಗೆ ಇವತ್ತಿಗೂ ನೆನಪಿದೆ.

"ಊಟಕ್ಕೇನು ಮಾಡಿದ್ರಿ? ಅಲ್ಲೆಲ್ಲ ಮೀನಿಲ್ಲದೆ ಏನೂ ಸಿಗಲ್ವಂತಲ್ಲ."

ಸಿಗುತ್ತದೆ. 'ಚಾಯ್' ಅಂತ ಬೋರ್ಡಿದ್ದರೆ ಸಸ್ಯಾಹಾರ, ಕುಡಿಯುವ ಚಹಾ ಅಲ್ಲ. ಅಲ್ಲಿನ ಬೌದ್ಧರಲ್ಲಿ ಬಹಳ ಜನ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡುತ್ತಾರೆ, ಹಾಗಾಗಿ ಸಣ್ಣ ಊರಲ್ಲೂ ಅಂಥ ಅಂಗಡಿ ಇರುತ್ತದೆ. ಹೋಯಿ ಆನ್ ಹತ್ತಿರವೇ ಮಿ ಸೋನ್ ಇದೆ, ಚಾಂಪಾ ರಾಜರು ಕಟ್ಟಿದ ಶಿವಾಲಯಗಳ ಕಣಿವೆ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ದೊಡ್ಡ ಗುಡಿಯೇ ಹೋಯಿತು. ಉಳಿದದ್ದರಲ್ಲಿ ಕೆಲವನ್ನು ನಮ್ಮ ಪುರಾತತ್ವ ಇಲಾಖೆಯವರು ಹೋಗಿ ಸರಿಮಾಡಿದರು. 2020ರಲ್ಲಿ ಹಾಗೆ ಅಗೆಯುವಾಗಲೇ ಮರಳುಗಲ್ಲಿನ ಅಖಂಡ ಶಿವಲಿಂಗ ಸಿಕ್ಕಿದ್ದು. ವಿಯೆಟ್ನಾಮಿನ ಇ-ವೀಸಾಕ್ಕೆ ತಲೆಗೆ 25 ಡಾಲರ್. ಇದೊಂದು ಡಾಲರ್ ಲೆಕ್ಕ ತಪ್ಪದು.

ಅಕ್ಕ ಕರಿಬೇವನ್ನು ಸೆರಗಿಗೆ ಕಟ್ಟಿಕೊಂಡರು. ಒಳಗೆ ಹೋಗುವ ಆತುರ ಇದ್ದಂತಿರಲಿಲ್ಲ. "ಟರ್ಕಿ ದುಡ್ಡು ಪೂರ್ತಿ ಬಿದ್ದೋಗಿದೆ, ಅಗ್ಗ ಅಂದಿದ್ದ ಮಗ," ಅಂದರು.

ಲಿರಾ ಬಿದ್ದಿದೆ, ಬೆಲೆಗಳು ಅದಕ್ಕಿಂತ ಎತ್ತರಕ್ಕೆ ಎದ್ದಿವೆ. ಹಾಗಿಯಾ ಸೋಫಿಯಾದಲ್ಲಿ ಹೊರಗಿನವರಿಗೆ 2024ರಿಂದ 25 ಯೂರೋ ಟಿಕೆಟ್, ನಮಗೆ ಎರಡೂವರೆ ಸಾವಿರದ ಮೇಲೆ. ಅವರ ದುಡ್ಡು ಬಿದ್ದದ್ದರ ಲಾಭ ಅಲ್ಲಿ ನಮಗೆ ಮುಟ್ಟುವುದೇ ಇಲ್ಲ. ಈಜಿಪ್ಟಿನ ಪೌಂಡೂ ಹೀಗೇ ಬಿದ್ದಿದೆ: 2022ರ ಶುರುವಿನಲ್ಲಿ ನಮ್ಮ ಐದು ರೂಪಾಯಿಯ ಹತ್ತಿರ ಇತ್ತು, ಈಗ ಎರಡಕ್ಕಿಂತ ಕಡಿಮೆ.

ಈ ಲೆಕ್ಕ ಹೇಳುವಾಗ ನನಗೆ ಒಳಗೊಳಗೇ ಕಸಿವಿಸಿಯಾಗುತ್ತದೆ. ಒಂದು ದೇಶದ ದುಡ್ಡು ಹೀಗೆ ಕುಸಿಯಿತು ಅಂದರೆ ಅಲ್ಲಿ ಯಾರದೋ ಪೆನ್ಷನ್ ಕರಗಿದೆ, ಯಾರದೋ ಮನೆಯಲ್ಲಿ ಹಾಲು ಕಡಿಮೆಯಾಗಿದೆ. 2022ರಲ್ಲಿ ಶ್ರೀಲಂಕಾದ ರೂಪಾಯಿ ಡಾಲರಿಗೆ 200 ಇದ್ದದ್ದು 360ಕ್ಕೆ ಜಾರಿದಾಗ, ನಮ್ಮ ಒಂದು ರೂಪಾಯಿಗೆ ಅವರದು ನಾಲ್ಕೂವರೆ ಬರುತ್ತಿತ್ತು. ಅದೇ ಹೊತ್ತಿಗೆ ಅಲ್ಲಿಯವರು ಗ್ಯಾಸ್ ಸಿಲಿಂಡರಿಗೆ ಹಗಲು ರಾತ್ರಿ ಕ್ಯೂ ನಿಂತಿದ್ದರು. ಹೋಗಬಾರದು ಅಂತಲ್ಲ. ಅಂಥ ಊರಿಗೆ ಪ್ರವಾಸಿಗರು ಬರುವುದು ನಿಂತರೆ ಇನ್ನೂ ಕಷ್ಟ. ಆದರೆ ಅಲ್ಲಿ ಆಟೋದವನ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದು ನನ್ನಿಂದಾಗದು. ಮನೆಯಲ್ಲೇ ರೂಮು ಕೊಡುವವರ ಹತ್ತಿರ ಇಳಿದುಕೊಂಡರೆ ಕೊಟ್ಟ ದುಡ್ಡು ಆ ಊರಲ್ಲೇ ಉಳಿಯುತ್ತದೆ, ನಮಗೂ ಕಡಿಮೆ ಬೀಳುತ್ತದೆ.

ಕೌಂಟರಿನಲ್ಲಿ ಕೂತವಳಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. ಹೊರದೇಶದಲ್ಲಿ ಕಾರ್ಡ್ ಉಜ್ಜಿದಾಗ ಮೆಷಿನ್ನು ಒಂದೊಂದು ಸಲ, ರೂಪಾಯಿಯಲ್ಲಿ ಕೊಡ್ತೀರಾ, ಇಲ್ಲಿನ ದುಡ್ಡಿನಲ್ಲಾ ಅಂತ ಕೇಳುತ್ತದೆ. ರೂಪಾಯಿ ಕಂಡ ಸಂತೋಷಕ್ಕೆ ಅದನ್ನೇ ಒತ್ತುತ್ತೇವೆ. ಒತ್ತಬಾರದು. ಒತ್ತಿದರೆ ವಿನಿಮಯದ ದರ ಆ ಮೆಷಿನ್ನಿನವರ ಇಷ್ಟ. ಯಾವಾಗಲೂ ಅಲ್ಲಿನ ದುಡ್ಡನ್ನೇ ಆರಿಸಬೇಕು. ಆಗಲೂ ನಮ್ಮ ಬ್ಯಾಂಕ್ ತನ್ನ ಪಾಲು ಹಿಡಿಯುತ್ತದೆ, ಎಷ್ಟೋ ಕಾರ್ಡುಗಳಲ್ಲಿ ನೂರಕ್ಕೆ ಮೂರು, ಮೂರೂವರೆ ರೂಪಾಯಿ, ಮೇಲೆ ಜಿಎಸ್‌ಟಿ. ಹೊರಡುವ ಮುಂಚೆಯೇ ಕೇಳಿಕೊಳ್ಳಬೇಕು.

"ಇಷ್ಟೆಲ್ಲ ಲೆಕ್ಕ ಹಾಕೋ ಬದ್ಲು ಮನೇಲಿರೋದೇ ವಾಸಿ," ಅಂದರು ಅಕ್ಕ.

"ಲೆಕ್ಕವೇ ಬೇಡದ ಎರಡು ದೇಶ ಇವೆಯಲ್ಲಕ್ಕ."

ಭೂತಾನ್ ಒಂದು. ಅವರ ನುಲ್ಟ್ರಮ್ ನಮ್ಮ ರೂಪಾಯಿಗೆ ಸಮಸಮ, ಶುರುವಾದ 1974ರಿಂದ ಹಾಗೇ. ಡಾಲರ್ ನೂರಾದರೂ ಅಲ್ಲಿನ ಅನ್ನದ ತಟ್ಟೆಗೆ ನಾವು ಅದೇ ದುಡ್ಡು ಕೊಡುತ್ತೇವೆ. ಆದರೆ 2022ರಿಂದ ನಮ್ಮವರಿಗೂ ತಲೆಗೆ ರಾತ್ರಿಗೆ 1,200 ರೂಪಾಯಿ ಶುಲ್ಕವಿದೆ. ನಾಲ್ಕು ಜನ ಐದು ರಾತ್ರಿ ಅಂದರೆ ಅದೇ ಇಪ್ಪತ್ನಾಲ್ಕು ಸಾವಿರ. ಕಾಡು ಉಳಿಸಿಕೊಳ್ಳುವಂಥ ಕೆಲಸಗಳಿಗೆ ತೆಗೆದುಕೊಳ್ಳುತ್ತಾರೆ, ನನಗೆ ಅದರಲ್ಲಿ ತಕರಾರಿಲ್ಲ, ಆದರೆ ಬಜೆಟ್ಟಿನಲ್ಲಿ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ನೇಪಾಳ. ನಮ್ಮ ನೂರು ರೂಪಾಯಿಗೆ ಅವರ ನೂರಾ ಅರವತ್ತು, 1993ರಿಂದ ಒಂದು ಪೈಸೆ ಆಚೆ ಈಚೆ ಆಗಿಲ್ಲ. ನಮ್ಮದು ಬಿದ್ದರೆ ಅವರದೂ ನಮ್ಮ ಜೊತೆಗೇ ಬೀಳುತ್ತದೆ. ವೀಸಾ ಇಲ್ಲ. 2024ರಿಂದ ಅಂಗಡಿಗಳಲ್ಲಿ ನಮ್ಮ ಯುಪಿಐ ಸ್ಕ್ಯಾನ್ ಮಾಡಬಹುದು. ಪುರುಸೊತ್ತಿದ್ದವರು ಯಶವಂತಪುರದಿಂದ ರೈಲಿನಲ್ಲಿ ಗೋರಖಪುರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ ದಾಟಬಹುದು. ಮೊಣಕಾಲು ನೋವಿದ್ದವರು ದೆಹಲಿಯಿಂದ ವಿಮಾನ ಹತ್ತಿದರೆ ಎರಡು ಗಂಟೆಯೊಳಗೆ ಕಠ್ಮಂಡು.

"ಅಲ್ಲಿ ಗಲಾಟೆಯಾಗಿತ್ತಲ್ವಾ?"

ಆಗಿತ್ತು, 2025ರ ಸೆಪ್ಟೆಂಬರಿನಲ್ಲಿ. ಸರ್ಕಾರವೇ ಬಿತ್ತು, ಹೋಟೆಲುಗಳಿಗೂ ಬೆಂಕಿ ಬಿತ್ತು. ಆದರೆ 2015ರ ಭೂಕಂಪದಲ್ಲಿ ಉರುಳಿದ ಗುಡಿಗಳನ್ನು ಇಟ್ಟಿಗೆ ಇಟ್ಟಿಗೆಯಾಗಿ ಎಬ್ಬಿಸಿಕೊಂಡ ಜನ ಅವರು. ಭಕ್ತಪುರದಲ್ಲಿ ಐದು ಅಂತಸ್ತಿನ ನ್ಯಾತಪೋಲ ಗುಡಿ ಆ ಭೂಕಂಪಕ್ಕೂ ಉರುಳದೆ ನಿಂತಿದೆ. ಅದರ ಸುತ್ತಿನ ಬೀದಿಗಳಲ್ಲಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಹಾಲಿನ ಮೊಸರು ಮಾರುತ್ತಾರೆ. ಜುಜು ಧೌ ಅಂತ ಹೆಸರು, ಮೊಸರುಗಳ ರಾಜ ಅಂತ ಅರ್ಥ. ಕುಡಿಕೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಊಟ ಅಂದರೆ ಅನ್ನ, ಬೇಳೆ, ಪಲ್ಯ. ನಮ್ಮ ಮನೆಯದೇ.

"ಪಶುಪತಿನಾಥದಲ್ಲಿ ಪೂಜೆ ಮಾಡೋರು ನಮ್ಮ ಕಡೆ ಭಟ್ರೇ ಅಂತೆ, ನಿಜವೇನಮ್ಮ?"

ಕೇಳಿದ್ದು ಅಕ್ಕನಲ್ಲ. ಕಟ್ಟೆಯ ಮೇಲಿಂದ ದೊಡ್ಡಮ್ಮ.

"ನಿಜ ದೊಡ್ಡಮ್ಮ. ಕರ್ನಾಟಕದಿಂದ ಹೋದ ಭಟ್ಟರೇ ಅಲ್ಲಿ ಗರ್ಭಗುಡಿಯಲ್ಲಿರೋದು. ತಲೆತಲಾಂತರದಿಂದ ನಡ್ಕೊಂಡು ಬಂದಿದೆ."

"ನಮ್ಮಪ್ಪ ಹೇಳ್ತಿದ್ರು. ಕಾಶಿಗೆ ಹೋದೋರು ಪಶುಪತಿಗೂ ಹೋಗ್ಬೇಕು ಅಂತ. ಕಾಶಿಗೇನೋ ಹೋಗಿ ಬಂದೆ."

ಅವರು ಅಷ್ಟೇ ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಅಕ್ಕ ತಿರುಗಿ ಅತ್ತೆಯನ್ನು ನೋಡಿದರು. ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾಗಿದೆ, ಈ ಮಾತು ಅವರ ಕಿವಿಗೂ ಅವತ್ತೇ ಮೊದಲ ಸಲ ಬಿದ್ದಿತ್ತು ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆಗೆ ಪಾಸ್‌ಪೋರ್ಟೇ ಇಲ್ವಲ್ಲೇ," ಅಂದರು, ಈ ಸಲ ಮೆಲ್ಲಗೆ.

"ನೇಪಾಳಕ್ಕೆ ಪಾಸ್‌ಪೋರ್ಟ್ ಬೇಕೇ ಬೇಕು ಅಂತಿಲ್ಲಕ್ಕ. ವೋಟರ್ ಕಾರ್ಡ್ ಇದ್ರೆ ಸಾಕು. ಬಸ್ಸಲ್ಲಾಗ್ಲಿ, ವಿಮಾನದಲ್ಲಾಗ್ಲಿ."

"ನಾಲ್ಕು ಜನಕ್ಕೆ ಅಂತಿದ್ದ ದುಡ್ಡು ಐದಕ್ಕೆ ಆಗುತ್ತಾ?"

"ದುಬೈಗೆ ಆಗ್ತಿರಲಿಲ್ಲ. ಇಲ್ಲಿಗೆ ಆಗುತ್ತೆ. ಏಪ್ರಿಲ್‌ನಲ್ಲಿ ಹೋಗಿ, ಅಷ್ಟು ಚಳಿ ಇರಲ್ಲ, ಮಳೆ ಹಿಡಿಯೋಕೆ ಇನ್ನೂ ಟೈಮಿರುತ್ತೆ. ಟಿಕೆಟ್ ಮಾತ್ರ ಈಗಲೇ ಮಾಡಿಸ್ಬೇಕು."

ಕಟ್ಟೆಯ ಮೇಲೆ ಅವರೆಕಾಯಿಯ ಮೊರ ಒಂದೇ ಉಳಿದಿತ್ತು. ದೊಡ್ಡಮ್ಮ ಯಾವಾಗ ಎದ್ದು ಒಳಗೆ ಹೋದರೋ ಇಬ್ಬರಿಗೂ ತಿಳಿಯಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಬಂದಾಗ ಅವರ ಕೈಲಿ ಹಳೇ ಬಿಸ್ಕತ್ತಿನ ಡಬ್ಬಿ ಇತ್ತು. ಮುಚ್ಚಳ ತೆಗೆದು, ರಬ್ಬರ್ ಬ್ಯಾಂಡು ಬಿಚ್ಚಿ, ಪ್ಲಾಸ್ಟಿಕ್ ಕವರಿನೊಳಗಿಂದ ವೋಟರ್ ಕಾರ್ಡ್ ತೆಗೆದರು. ಒಂದು ಚುನಾವಣೆಯನ್ನೂ ತಪ್ಪಿಸದೆ ಕೊಂಡೊಯ್ದು ಅಂಚು ಸವೆದ ಕಾರ್ಡು. ಕಾಂಪೌಂಡಿನ ಮೇಲಿಂದ ನನ್ನ ಕಡೆ ಚಾಚಿದರು.

"ಫೋಟೋ ಮಾಸಿಹೋಗಿದೆ ಕಣಮ್ಮ. ನಡೆಯುತ್ತಾ ನೋಡು."